ಮೂವತ್ತೇಳನೇ ಪುಟದ ಬಾಗಿಲು

ನಮ್ಮ ಓಣಿಯಲ್ಲಿ ಬಾಗಿಲು ತಟ್ಟುವವರು ಮೂರೇ ಜನ. ಪೊಲೀಸಿನವನು, ನೀರಿನ ಬಿಲ್ಲಿನವನು, ವೋಟು ಕೇಳಲು ಬರುವವನು. ಉಳಿದವರೆಲ್ಲ ಕೀಲಿಕೈ ತಿರುಗಿಸಿಕೊಂಡು ಸೀದಾ ಒಳಗೆ ಬರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಕೀಲಿಕೈಯನ್ನು ಬಾಗಿಲಿನ ಹೊರಗಡೆಯಿಂದ ಸಿಕ್ಕಿಸಿ ಬಿಡುತ್ತೇವೆ, ಮುಖ ತೊಳೆಯುವುದು ಆಮೇಲೆ. ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆದಾಗ ತೆಗೆದು ಒಳಗಿಟ್ಟುಕೊಳ್ಳುತ್ತೇವೆ. ಹಗಲು ಹೊತ್ತಿನಲ್ಲಿ ಯಾರದಾದರೂ ಬಾಗಿಲಲ್ಲಿ ಕೀಲಿಕೈ ಕಾಣದಿದ್ದರೆ ಅವರು ಊರಲ್ಲಿಲ್ಲ, ಇಲ್ಲವೇ ಓಣಿಯ ಮೇಲೆ ಮುನಿಸಿಕೊಂಡಿದ್ದಾರೆ ಎಂದು ತಿಳಿಯಬೇಕು.

ನನ್ನ ಹೆಸರು ರೊಜೀನಾ. ನಮ್ಮ ದ್ವೀಪದ ಬಂದರು ಊರಾದ ಬಿರ್ಗುವಿನಲ್ಲಿ ಬರೀ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ, ಮನೆತನದ ಅಡ್ಡಹೆಸರೂ ಬೇಕು. ನಾನು ಮೆಣಸಿನವರ ಮಗಳು. ಆ ಹೆಸರು ಯಾಕೆ ಬಂತು ಎಂದು ನನ್ನ ಗಂಡ ಇಂದ್ರಿಯನ್ನು ಕೇಳಿದರೆ ನಗುತ್ತಾನೆಯೇ ಹೊರತು ಹೇಳುವುದಿಲ್ಲ. ಎದುರು ಮನೆಯ ಜುದಿತ್ತಾ ಹಗ್ಗದವರ ಮಗಳು. ಅವಳಪ್ಪ ಬಂದರಿನಲ್ಲಿ ಹಡಗುಗಳಿಗೆ ಹಗ್ಗ ಹೊಸೆಯುತ್ತಿದ್ದ. ನಾನೀಗ ಹೇಳಹೊರಟಿರುವುದು ಅವಳ ವಿಷಯ. ಹೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ.

ಜುದಿತ್ತಾ ಮೊದಲು ಸೂಜಿ ಹಿಡಿದದ್ದು ನೆಲದಡಿಯಲ್ಲಿ. ಯುದ್ಧದ ಕಾಲದಲ್ಲಿ ಬಂದರಿನ ಮೇಲೆ ಬಾಂಬು ಬೀಳುವಾಗ ನಾವೆಲ್ಲ ಬಂಡೆ ಕೊರೆದು ಮಾಡಿದ ಸುರಂಗದಲ್ಲಿ ಕೂತಿರುತ್ತಿದ್ದೆವು. ಅವಳಿಗೆ ಒಂಬತ್ತು ವರ್ಷ, ನನಗೆ ಆರು. ನಾನು ಬಾಯಿ ಬಿಟ್ಟು ಅಳುತ್ತಿದ್ದೆ. ಅವಳ ತಾಯಿ ಅವಳ ಕೈಗೆ ಹರಿದ ದುಪ್ಪಟಿ ಕೊಟ್ಟು, "ಹೊಲೀತಾ ಕೂತ್ಕೊ, ಸದ್ದು ಕೇಳಿಸಲ್ಲ" ಎನ್ನುತ್ತಿದ್ದಳು. ಎಣ್ಣೆದೀಪದ ಬೆಳಕಲ್ಲಿ ಜುದಿತ್ತಾ ಹೊಲಿಯುತ್ತಿದ್ದಳು, ನಾನು ಅವಳ ತೊಡೆಗೆ ಒರಗಿ ದಾರ ಹಿಡಿದುಕೊಂಡಿರುತ್ತಿದ್ದೆ. ಯುದ್ಧ ಮುಗಿಯುವಷ್ಟರಲ್ಲಿ ಅರ್ಧ ಊರು ನೆಲಸಮವಾಗಿತ್ತು, ಅವಳ ಕೈಹೊಲಿಗೆ ಮಾತ್ರ ಗೆರೆ ಎಳೆದಷ್ಟು ನೇರವಾಗಿತ್ತು.

ಆಮೇಲೆ ನಲವತ್ತು ವರ್ಷ ಈ ಊರಿನ ಮದುವೆಯ ಉಡುಪುಗಳೆಲ್ಲ ಅವಳ ಕೈಯಿಂದಲೇ ಹೊರಬಂದವು. ಸಂತ ಲಾರೆನ್ಸನ ಇಗರ್ಜಿಯ ಮೆಟ್ಟಿಲು ಹತ್ತಿದ ಮದುಮಗಳು ಎಂದರೆ ಜುದಿತ್ತಾಳ ಮುಂದೆ ನಿಂತು ಸೂಜಿ ಚುಚ್ಚಿಸಿಕೊಂಡವಳೇ. ನನ್ನದನ್ನೂ ಅವಳೇ ಹೊಲಿದಳು. "ಹೊಟ್ಟೆ ಒಳಗೆ ಎಳ್ಕೊಳೇ, ಮೆಣಸಿನಕಾಯಿ. ಮದುವೆ ದಿನ ಬೆಳಗ್ಗೆ ಒಂದು ತುತ್ತು ಜಾಸ್ತಿ ತಿಂದ್ಯೋ, ಪಾದ್ರಿ ಮುಂದೇನೇ ಗುಂಡಿ ಹಾರುತ್ತೆ" ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗದರಿದ್ದಳು. ನಾನು ಅವತ್ತು ಏನೂ ತಿನ್ನಲಿಲ್ಲ. ಹಸಿವಿನಿಂದ ಕಣ್ಣು ಕತ್ತಲೆ ಬಂದು ಇಂದ್ರಿಯ ತೋಳು ಹಿಡಿದೆ. ಜನ ಅದನ್ನು ಪ್ರೀತಿ ಎಂದುಕೊಂಡರು.

ಅವಳ ಮದುವೆಯೊಂದು ಆಗಲಿಲ್ಲ. ಹುಡುಗ ಗೋಜೋ ದ್ವೀಪದವನು, ಹೆಸರು ವಿಸ್ತೀನ್, ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುತ್ತಿದ್ದ. ಐವತ್ನಾಲ್ಕರಲ್ಲಿ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದ. ಒಂದು ವರ್ಷದೊಳಗೆ ಟಿಕೆಟ್ಟು ಕಳಿಸಿ ಕರೆಸಿಕೊಳ್ಳುತ್ತೇನೆ ಎಂದ. ಎರಡು ವರ್ಷ ಕಾಗದ ಬಂತು. ಆಮೇಲೆ ಒಂದು ದಿನ ಜುದಿತ್ತಾ ಕಪ್ಪು ಬಟ್ಟೆ ಉಟ್ಟುಕೊಂಡು ಓಣಿಗೆ ಬಂದಳು. ಕಬ್ಬಿನ ಗದ್ದೆಯಲ್ಲಿ ಲಾರಿ ಮಗುಚಿ ವಿಸ್ತೀನ್ ಸತ್ತುಹೋದ ಎಂದಳು. ಅವನ ಮನೆಯವರೆಲ್ಲ ಅಷ್ಟು ಹೊತ್ತಿಗೆ ಅವನ ಹಿಂದೆಯೇ ಆಸ್ಟ್ರೇಲಿಯಾಕ್ಕೆ ಹೋಗಿಬಿಟ್ಟಿದ್ದರು, ಕೇಳೋಣವೆಂದರೆ ಯಾರೂ ಇರಲಿಲ್ಲ. ಕೇಳುವ ಯೋಚನೆಯೂ ಯಾರಿಗೂ ಬರಲಿಲ್ಲ. ಇಡೀ ಓಣಿ ಅತ್ತಿತು, ಎಲ್ಲರಿಗಿಂತ ಹೆಚ್ಚು ನಾನು ಅತ್ತೆ.

ಮದುವೆಯಾಗದಿದ್ದರೂ ಅಂದಿನಿಂದ ನಾವು ಅವಳನ್ನು ವಿಧವೆ ಎಂದೇ ನಡೆಸಿಕೊಂಡೆವು. ಇಗರ್ಜಿಯಲ್ಲಿ ವಿಧವೆಯರ ಬೆಂಚಿನಲ್ಲಿ ಅವಳಿಗೆ ಜಾಗ ಬಿಟ್ಟೆವು. ಇನ್ನೊಂದು ಗಂಡಿನ ಮಾತು ಎತ್ತಿ ಯಾರೂ ಅವಳನ್ನು ಪೀಡಿಸಲಿಲ್ಲ. ಬುಧವಾರ ಬುಧವಾರ ನಾನು ಅವಳಿಗೆ ಸಾರು ಒಯ್ಯುತ್ತಿದ್ದೆ. ಹೂಕೋಸು, ಬಟಾಣಿ, ಆಲೂಗಡ್ಡೆ ಬೇಯಿಸಿ, ಮೇಲೊಂದು ಮೊಟ್ಟೆ ಒಡೆದು, ಕುರಿಹಾಲಿನ ಗಿಣ್ಣಿನ ಒಂದು ಗುಂಡು ಮುಳುಗಿಸಿದ ಸಾರು. ನಮ್ಮಲ್ಲಿ ಅದನ್ನು ವಿಧವೆಯ ಸಾರು ಎಂದೇ ಕರೆಯುವುದು. ನವೆಂಬರ್ ತಿಂಗಳು ಸತ್ತವರದು. ಆಗ ಪ್ರತಿ ಮನೆಯವರೂ ತಮ್ಮ ತಮ್ಮ ಸತ್ತವರ ಹೆಸರುಗಳನ್ನು ಒಂದು ಲಕೋಟೆಯಲ್ಲಿ ಬರೆದು ಪಾದ್ರಿಗೆ ಕೊಡುತ್ತೇವೆ, ಅವರ ಆತ್ಮಕ್ಕಾಗಿ ಪೂಜೆ ನಡೆಯುತ್ತದೆ. ಜುದಿತ್ತಾಳ ಲಕೋಟೆಯಲ್ಲಿ ವಿಸ್ತೀನನ ಹೆಸರು ಹೇಗೂ ಇರುತ್ತಿತ್ತು, ನನ್ನ ಲಕೋಟೆಯಲ್ಲೂ ನಮ್ಮಪ್ಪನ ಹೆಸರಿನ ಕೆಳಗೆ ಅದನ್ನು ಬರೆದೆ. ನಲವತ್ತು ನವೆಂಬರ್ ಬರೆದೆ.

ಅವಳ ಮಂಡಿ ಹೋಗಿ ಆರು ವರ್ಷವಾಗಿತ್ತು. ಇಪ್ಪತ್ತೆರಡು ಮೆಟ್ಟಿಲು ಇಳಿಯಲಾರಳು. ಮೇಲಿನ ಕೋಣೆಯಲ್ಲಿ, ಹಸಿರು ಮರದ ಬಾಲ್ಕನಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಕೆಳಗೆ ಬಾಗಿಲಲ್ಲಿ ಕೀಲಿಕೈ ಇದ್ದದ್ದರಿಂದಲೇ ಅವಳ ದಿನ ಸಾಗುತ್ತಿತ್ತು. ಬೆಳಗ್ಗೆ ಬ್ರೆಡ್ಡಿನ ಗಾಡಿಯ ಚೆನ್ಸು ಬಂದು ಬ್ರೆಡ್ಡು ಇಟ್ಟು ಹೋಗುತ್ತಿದ್ದ. ಮಧ್ಯಾಹ್ನ ನಾನು. ಶುಕ್ರವಾರ ಪಾದ್ರಿ ದುನ್ ಸಲ್ವು ಪ್ರಸಾದ ತರುತ್ತಿದ್ದರು. ಗಂಟೆಯವರ ತೆರೆಜಾ ಚಾಡಿ ತರುತ್ತಿದ್ದಳು. ಸಂಜೆ ಕೀಲಿಕೈ ತೆಗೆದಿಡುವುದು, ಬೆಳಗ್ಗೆ ಸಿಕ್ಕಿಸುವುದು ನನ್ನ ಕೆಲಸ. ಯಾರು ಬಂದರೆಂದು ಜುದಿತ್ತಾ ಸದ್ದಿನಲ್ಲೇ ಹೇಳುತ್ತಿದ್ದಳು.

"ಚೆನ್ಸು ಎರಡು ಸಲ ತಿರುಗಿಸ್ತಾನೆ, ಕೈ ಮೇಲೆ ನಂಬಿಕೆ ಇಲ್ಲ ಅವನಿಗೆ. ದುನ್ ಸಲ್ವು ಮೆಲ್ಲಗೆ, ಕಳ್ಳ ಬಂದಂಗೆ. ನೀನು ಬಾಗಿಲಿಗೆ ಸೊಂಟ ಕೊಟ್ಟು ಗುದ್ದುತೀಯ."

"ಕೈಯಲ್ಲಿ ಬಿಸಿ ಪಾತ್ರೆ ಇರುತ್ತಲ್ಲ, ಇನ್ನೇನು ಮೂಗಿಂದ ತಳ್ಳಲಾ?" ಎನ್ನುತ್ತಿದ್ದೆ.

ಇನ್ನು ನಾರ್ದು. ಜುದಿತ್ತಾಳ ತಂಗಿಯ ಮಗ. ತಾಯಿ ತೀರಿಕೊಂಡ ಮೇಲೆ ದೊಡ್ಡಮ್ಮನ ಮನೆಯಲ್ಲೇ ಬೆಳೆದ. ಅವಳು ಅವನನ್ನು ತಲೆಯ ಮೇಲೆ ಕೂರಿಸಿಕೊಂಡು ಸಾಕಿದಳು. ಇಪ್ಪತ್ತು ವರ್ಷದವನಿದ್ದಾಗ ನೀರಾಚೆಯ ಇಸ್ಲಾದ ಹುಡುಗಿಯೊಬ್ಬಳು ಅವನನ್ನು ಬಿಟ್ಟು ಬೇರೆಯವನನ್ನು ಮದುವೆಯಾದಳು. ನಾರ್ದು ಹದಿನಾಲ್ಕು ದಿನ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಹದಿನೈದನೇ ದಿನ ಎದ್ದು ಕೆಳಗೆ ಬಂದು, ಟೊಮೆಟೊ ಉಜ್ಜಿ ಎಣ್ಣೆ ಸುರಿದ ಬ್ರೆಡ್ಡಿನ ಮೂರು ಹೋಳು ತಿಂದ. ಏನು ಔಷಧಿ ಕೊಟ್ಟೆಯೇ ಎಂದು ಜುದಿತ್ತಾಳನ್ನು ಕೇಳಿದೆ. "ಏನಿಲ್ಲ, ಮಾತಾಡಿದೆ" ಎಂದಳು. ಏನು ಮಾತಾಡಿದಳೆಂದು ನನಗೆ ತಿಳಿಯಲು ಹದಿನಾರು ವರ್ಷ ಹಿಡಿಯಿತು.

ನಾರ್ದು ಬಂದರಿನಾಚೆಯ ಸ್ಲೀಮಾ ಪಟ್ಟಣಕ್ಕೆ ಹೋಗಿ ಹೋಟೆಲಿನಲ್ಲಿ ಕೆಲಸ ಹಿಡಿದ. ಸ್ಲೀಮಾದವರು ಇಂಗ್ಲಿಷಿನಲ್ಲೇ ಸೀನುವ ಜನ. ಇವನೂ ವಾರಕ್ಕೊಮ್ಮೆ ಬರುವಾಗ ಮೂಗಿನಲ್ಲಿ ಮಾತಾಡಲು ಶುರುಮಾಡಿದ. ತೊಂಬತ್ತೈದರ ಚಳಿಗಾಲದಲ್ಲಿ ನೋಟುಬುಕ್ಕು ಹಿಡಿದುಕೊಂಡು ಬಂದ. ಬಿರ್ಗು ನೋಡಲು ಬರುವವರಿಗಾಗಿ ಕೈಪಿಡಿ ಬರೆಯುತ್ತಿದ್ದಾನಂತೆ. ಕೋಟೆ ಎಷ್ಟು ಹಳೆಯದು, ಯಾವ ದೊರೆ ಯಾವ ಅರಮನೆ ಕಟ್ಟಿಸಿದ, ದೋಣಿ ಎಲ್ಲಿ ಹತ್ತಬೇಕು, ಎಲ್ಲಿ ಒಳ್ಳೆಯ ಕಾಫಿ ಸಿಗುತ್ತದೆ, ಇಂಥವು. ಜುದಿತ್ತಾಳ ಖುಷಿ ಹೇಳತೀರದು. ಬಂದವರಿಗೆಲ್ಲ, "ನಮ್ಮ ನಾರ್ದು ಪುಸ್ತಕ ಬರೀತಾನೆ" ಎಂದು ಹೇಳಿದ್ದೇ ಹೇಳಿದ್ದು. ಈಸ್ಟರ್ ಕಳೆದ ಮೇಲೆ ಪುಸ್ತಕ ಅಚ್ಚಾಗಿ ಬಂದು ದೋಣಿಕಟ್ಟೆಯ ಅಂಗಡಿಯಲ್ಲಿ ತೂಗಿತು. ಓಣಿಗೆ ಮಾತ್ರ ಒಂದು ಪ್ರತಿಯೂ ಬರಲಿಲ್ಲ.

"ಇಂಗ್ಲಿಷ್ ಪುಸ್ತಕ ದೊಡ್ಡಮ್ಮ, ನಿಂಗೆ ಬರಲ್ಲ. ನಿಂಗ್ಯಾಕೆ?" ಎಂದ.

"ಬೊಂಬೆ ನೋಡ್ತೀನಿ ಕಣೋ."

"ತಂದ್ಕೊಡ್ತೀನಿ, ತಂದ್ಕೊಡ್ತೀನಿ."

ಮೇ ತಿಂಗಳಲ್ಲಿ ಒಂದು ದಿನ, ಬಿಸಿಲಿಗೆ ಮೂಗು ಕೆಂಪಾದ ಗಂಡಹೆಂಡತಿ ಓಣಿಗೆ ಬಂದರು. ಜುದಿತ್ತಾಳ ಕೀಲಿಕೈ ತಿರುಗಿಸಿದರು, ಮೇಲೆ ಹೋದರು. ಅವಳನ್ನು ನೋಡಲು ಬಂದ ಹೊಸ ವೈದ್ಯರಿರಬೇಕು ಎಂದುಕೊಂಡೆ. ಅರ್ಧ ಗಂಟೆಯಾದ ಮೇಲೆ ನಗುತ್ತಾ ಇಳಿದು ಬಂದರು. ಮರುದಿನ ಮೂವರು, ವಾರದಲ್ಲಿ ಹತ್ತು ಜನ. ಜುದಿತ್ತಾ ಎಲ್ಲರಿಗೂ ಲವಂಗ, ಸೋಂಪು ಹಾಕಿದ ಕಾಫಿ ಕೊಟ್ಟು ಉಪಚರಿಸಿದಳು. ಅವರ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವರಿಗೆ ತಿಳಿಯದು.

"ಯಾರೇ ಇವರೆಲ್ಲ?" ಎಂದೆ.

"ನಾರ್ದು ಕಳಿಸಿರೋರು. ಕೈಯಲ್ಲಿ ಅವನ ಪುಸ್ತಕ ಇರುತ್ತಲ್ಲ. ನಾನು ಒಬ್ಳೇ ಇರ್ತೀನಿ ಅಂತ ಪಾಪ, ಸ್ನೇಹಿತರನ್ನ ಕಳಿಸ್ತಾ ಇದ್ದಾನೆ."

ನಮಗೆ ಬೇರೆ ಥರ ಯೋಚಿಸಲು ಬರುವುದೇ ಇಲ್ಲ. ಕೀಲಿಕೈ ತಿರುಗಿಸಿ ಒಳಗೆ ಬಂದವರು ಎಂದರೆ ನಮ್ಮವರು, ಇಲ್ಲವೇ ನಮ್ಮವರು ಕಳಿಸಿದವರು. ಪರಕೀಯರು ಆ ಕೀಲಿಕೈಗೆ ಕೈ ಹಾಕಿಯಾರು ಎಂಬುದು ನಮ್ಮಪ್ಪನ ಕಾಲದಿಂದಲೂ ಯಾರ ತಲೆಗೂ ಹೊಳೆದಿರಲಿಲ್ಲ. ನಮ್ಮ ಮನೆಗೂ ಒಂದು ದಿನ ನುಗ್ಗಿದರು. ಇಂದ್ರಿ ಬನಿಯನ್ನಿನಲ್ಲಿ, ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲು ಅದ್ದಿಕೊಂಡು ಕೂತಿದ್ದ. ಹುಡುಗಿಯೊಬ್ಬಳು ಅವನ ಫೋಟೋ ತೆಗೆದು, ಕೈ ಕುಲುಕಿ ಹೋದಳು. ನಾನು ಕೂಗಾಡುತ್ತಿದ್ದರೆ ಇಂದ್ರಿಗೆ ಒಂದೇ ಚಿಂತೆ. "ಆ ಬನಿಯನ್ ಒಗ್ದಿರ್ಲಿಲ್ಲ ಕಣೇ" ಎಂದ.

ಜುಲೈ ತಿಂಗಳ ಒಂದು ಬುಧವಾರ. ನಾನು ಸಾರು ಒಯ್ದಿದ್ದೆ. ಜುದಿತ್ತಾ ಗಿಣ್ಣನ್ನು ಚಮಚದಲ್ಲಿ ಒಡೆಯುತ್ತಿದ್ದಳು. ಕೆಳಗೆ ಕೀಲಿಕೈ ತಿರುಗಿತು. ಅವಳು ಕಿವಿಗೊಟ್ಟು, "ಹೊಸಬರು" ಎಂದಳು. ಹುಲ್ಲಿನ ಟೋಪಿಯ ಉದ್ದನೆಯ ಹೆಂಗಸೊಬ್ಬಳು ಪುಸ್ತಕ ಹಿಡಿದು ಮೇಲೆ ಬಂದಳು. ಕೈಮುಗಿಯುವಂತೆ ಏನೋ ಮಾಡಿದಳು. ಕೋಣೆಯ ಸುತ್ತ ಕಣ್ಣಾಡಿಸಿ, ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯನ್ನು ಬೆರಳಿನಿಂದ ತೋರಿಸಿದಳು. ಆಮೇಲೆ ಎರಡೂ ಕೈ ತಲೆಯ ಮೇಲಿಟ್ಟು ಮುಖದ ಮುಂದೆ ಮೆಲ್ಲಗೆ ಇಳಿಸಿದಳು, ಮದುಮಗಳು ಮುಸುಕು ಹಾಕಿಕೊಳ್ಳುವ ಹಾಗೆ. ಮತ್ತೆ ಪೆಟ್ಟಿಗೆ ತೋರಿಸಿದಳು. ತೋರಿಸಿ ಎಂದು ಕೇಳುತ್ತಿದ್ದಳು.

ಯಾಕೆಂದು ನನಗೆ ಅರ್ಥವಾಗಲಿಲ್ಲ. ಆ ಪೆಟ್ಟಿಗೆಯಲ್ಲಿ ಹಳೆಯ ಪರದೆಗಳಿವೆ ಎಂದು ಜುದಿತ್ತಾ ನನಗೆ ಹೇಳಿ ಎಷ್ಟೋ ಕಾಲವಾಗಿತ್ತು. ಅವಳ ಮುಖ ನೋಡಿದೆ. ಸುರಂಗದಲ್ಲಿ ಕೂತಾಗಲೂ ಅವಳ ಮುಖ ಹಾಗೆ ಬಿಳಿಚಿಕೊಂಡದ್ದನ್ನು ನಾನು ನೋಡಿರಲಿಲ್ಲ. ಚಮಚ ತಟ್ಟೆಯಲ್ಲಿಟ್ಟಳು. ಕೈಚಾಚಿ ಆ ಹೆಂಗಸಿನಿಂದ ಪುಸ್ತಕ ತೆಗೆದುಕೊಂಡಳು, ಪುಟ ತಿರುವಿದಳು. ಒಂದು ಪುಟದಲ್ಲಿ ಅವಳ ಬಾಗಿಲಿನ ಫೋಟೋ ಇತ್ತು. ಹಸಿರು ಬಣ್ಣ, ಹಿತ್ತಾಳೆಯ ಮೀನಿನ ಆಕಾರದ ಹಿಡಿಕೆ, ಅದರ ಪಕ್ಕ ಕೀಲಿಕೈ. ಹೆಂಗಸಿಗೆ ಏನೋ ತಪ್ಪಾಗಿದೆ ಎಂದು ಹೊಳೆದು ಪುಸ್ತಕವನ್ನೂ ಬಿಟ್ಟು ಮೆಟ್ಟಿಲಿಳಿದು ಹೋದಳು.

"ರೊಜೀನಾ, ಇದನ್ನ ನಿನ್ನ ಗಂಡನ ಹತ್ರ ಓದ್ಸು. ಏನು ಬರ್ದಿದ್ದಾನೋ ನಂಗೊಬ್ಬಳಿಗೇ ಬಂದು ಹೇಳು. ಕೇಳಿಸ್ತಾ? ನಂಗೊಬ್ಬಳಿಗೇ."

"ಅಷ್ಟು ಹೇಳ್ಬೇಕೇನೇ ನಂಗೆ?" ಎಂದು ಪುಸ್ತಕವನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದೆ.

ಇಂದ್ರಿ ಬ್ರಿಟಿಷರ ಕಾಲದಲ್ಲಿ ಹಡಗುಕಟ್ಟೆಯಲ್ಲಿ ದುಡಿದವನು, ಇಂಗ್ಲಿಷ್ ಓದಬಲ್ಲ. ಕನ್ನಡಕ ಒರೆಸಿಕೊಂಡು ಮೂವತ್ತೇಳನೇ ಪುಟವನ್ನು ಒಂದೊಂದೇ ವಾಕ್ಯ ನಮ್ಮ ಭಾಷೆಗೆ ಹೇಳುತ್ತಾ ಹೋದ. ಈ ಊರಿನಲ್ಲಿ ಹೊಸ್ತಿಲ ಭಯ ಬೇಡ, ಕೀಲಿಕೈ ಬಾಗಿಲಲ್ಲೇ ಇರುತ್ತದೆ, ತಿರುಗಿಸಿ ಒಳಗೆ ಹೋಗಿ, ಯಾರೂ ಬೇಡವೆನ್ನುವುದಿಲ್ಲ ಎಂದಿತ್ತು. ಸಂತ ಅಗಾಥಾಳ ಓಣಿಯ, ಅಂದರೆ ನಮ್ಮ ಓಣಿಯ, ಹಸಿರು ಬಾಗಿಲಿನ ಹಿಂದೆ ಬಿರ್ಗುವಿನ ಮದುಮಗಳು ಕೂತಿದ್ದಾಳೆ, ಊರಿನ ಹೆಣ್ಣುಮಕ್ಕಳಿಗೆಲ್ಲ ಉಡುಪು ಹೊಲಿದವಳ ಸ್ವಂತ ಉಡುಪು ಮೂಲೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹಾಗೇ ಇದೆ ಎಂದಿತ್ತು. ಅಲ್ಲಿಯವರೆಗೆ ನನ್ನ ಕೋಪವೆಲ್ಲ ನಾರ್ದುವಿನ ಮೇಲಿತ್ತು. ಇಂದ್ರಿ ಮುಂದಿನ ಸಾಲು ಓದಿ ಗಕ್ಕನೆ ನಿಂತ.

"ಓದು" ಎಂದೆ.

"ಬೇಡ ಬಿಡೇ."

"ಓದ್ತೀಯೋ ಇಲ್ವೋ?"

ಓದಿದ. ಅವಳನ್ನು ಬಿಟ್ಟುಹೋದವನು ಸತ್ತನೆಂದು ಅವಳು ಊರಿಗೆಲ್ಲ ಹೇಳಿದ್ದಾಳೆ. ನಿಜಕ್ಕೂ ಅವನು ಮೆಲ್ಬರ್ನಿನಲ್ಲಿ ಐರಿಷ್ ಹೆಂಡತಿ, ನಾಲ್ಕು ಮಕ್ಕಳೊಂದಿಗೆ ಬದುಕಿದ್ದಾನೆ. ಮದುವೆಯ ಸುದ್ದಿ ತಿಳಿಸಿ ಅವನೇ ಬರೆದ ಕೊನೆಯ ಕಾಗದ ಆ ಉಡುಪಿನ ತೋಳಿನೊಳಗಿದೆ.

ಆಗ ನನಗಾದದ್ದನ್ನು ಹೇಗೆ ಹೇಳಲಿ. ಅವಳ ಬಗ್ಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಸಿಟ್ಟು ಬಂತು. ಐವತ್ತೈದು ವರ್ಷದ ಗೆಳತಿ ನಾನು. ನನಗೆ ಹೇಳದ್ದನ್ನು ಮೂಗಿನಲ್ಲಿ ಮಾತಾಡುವ ಆ ಸ್ಲೀಮಾದವನಿಗೆ ಹೇಳಿದ್ದಾಳೆ. ಅವನು ಪ್ರಪಂಚಕ್ಕೆಲ್ಲ ಹೇಳಿದ್ದಾನೆ. ಟೋಪಿ ಹಾಕಿದ ಯಾವಳಿಗೋ ಗೊತ್ತಿರುವುದು ನನಗೆ ಗೊತ್ತಿಲ್ಲ. ಇಗರ್ಜಿಯಲ್ಲಿ ಮಂಡಿಯೂರಿ ಜೀವಂತ ಮನುಷ್ಯನ ಆತ್ಮಕ್ಕಾಗಿ ನಾನು ಕಣ್ಣೀರು ಹಾಕುತ್ತಿದ್ದಾಗ ಅವಳು ಪಕ್ಕದ ಬೆಂಚಿನಲ್ಲೇ ಕೂತು ಜಪಸರ ಎಣಿಸುತ್ತಿದ್ದಳು.

ಇಂದ್ರಿ ತೋಳು ಹಿಡಿದ, ಕೊಡವಿಕೊಂಡೆ. ಎದುರಿಗೆ ಹತ್ತು ಹೆಜ್ಜೆ ದಾಟಿ, ಕೀಲಿಕೈ ತಿರುಗಿಸಿ ಮೇಲೆ ಹೋಗಿದ್ದರೆ ಮುಗಿದುಹೋಗುತ್ತಿತ್ತು. ಹೋಗಲಿಲ್ಲ. ಮಟಮಟ ಮಧ್ಯಾಹ್ನ ಓಣಿಯ ನಡುವೆ ನಿಂತು, ಅವಳ ಬಾಲ್ಕನಿಗೆ ಮುಖ ಎತ್ತಿ ನಾಲಿಗೆ ಹರಿಬಿಟ್ಟೆ.

"ಜುದಿತ್ತಾ! ನಲವತ್ತು ವರ್ಷ ಬದುಕಿರೋನಿಗೆ ಪೂಜೆ ಮಾಡಿಸಿದ್ನಲ್ಲೇ ನಾನು! ಮೆಲ್ಬರ್ನಲ್ಲಿ ಹೆಂಡ್ತಿ ಮಕ್ಕಳ ಜೊತೆ ಚೆನ್ನಾಗಿದ್ದಾನಂತಲ್ಲೇ ನಿನ್ನ ವಿಸ್ತೀನ್! ಯಾರ ಹೆಸರಲ್ಲೇ ವಿಧವೆ ಬೆಂಚಲ್ಲಿ ಕೂತಿದ್ದೆ ನೀನು?"

ಕಿಟಕಿಗಳೆಲ್ಲ ತೆರೆದುಕೊಂಡವು. ತೆರೆಜಾ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ಬಾಗಿಲಿಗೆ ಬಂದಳು. ಚೆನ್ಸು ಬ್ರೆಡ್ಡಿನ ಗಾಡಿ ನಿಲ್ಲಿಸಿದ. ನನ್ನ ಉಸಿರು ಮುಗಿದಾಗ ಓಣಿಯಲ್ಲಿ ಕೇಳುತ್ತಿದ್ದದ್ದು ಯಾರದೋ ಮನೆಯಲ್ಲಿ ಎಣ್ಣೆ ಚಟಪಟ ಎನ್ನುವ ಸದ್ದು ಮಾತ್ರ.

ಸಂಜೆ ಗಂಟೆ ಹೊಡೆಯುವ ಮೊದಲೇ ಅವಳ ಬಾಗಿಲ ಹಿಂದೆ ಸದ್ದಾಯಿತು. ಏನೋ ಭಾರವಾದದ್ದು ಒಂದೊಂದೇ ಮೆಟ್ಟಿಲು ಜಾರಿ ಇಳಿದಂತೆ ಕೇಳಿತು. ಇಪ್ಪತ್ತೆರಡು ಮೆಟ್ಟಿಲನ್ನೂ ಅವಳು ಕೂತುಕೊಂಡೇ ಇಳಿದಿದ್ದಳು. ನಾನು ನನ್ನ ಹೊಸ್ತಿಲಲ್ಲಿ ನಿಂತಿದ್ದೆ. ಬಾಗಿಲು ಒಂದು ಗೇಣು ತೆರೆಯಿತು. ಅಂಗುಸ್ತಾನ ಹಾಕಿದ ಬೆರಳಿರುವ ಕೈ ಹೊರಗೆ ಬಂತು, ತಡಕಾಡಿತು, ಕೀಲಿಕೈ ಕಿತ್ತುಕೊಂಡಿತು. ಬಾಗಿಲು ಮುಚ್ಚಿತು. ಒಳಗಿನಿಂದ ಕೀಲಿ ತಿರುಗಿತು. ಹಗಲಲ್ಲಿ ಆ ಸದ್ದನ್ನು ಆ ಬಾಗಿಲಲ್ಲಿ ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಅವಳು ಮೇಲೆ ಹತ್ತಿದ್ದು ಹೇಗೋ ದೇವರೇ ಬಲ್ಲ, ಅದಕ್ಕೆ ಒಂದು ಗಂಟೆ ಹಿಡಿಯಿತು.

ಮರುದಿನದಿಂದ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯತೊಡಗಿತು. ಚೆನ್ಸು ಬ್ರೆಡ್ಡು ಅದರಲ್ಲಿ ಹಾಕಿದ, ಹಗ್ಗ ಮೇಲೆ ಹೋಯಿತು. ದುನ್ ಸಲ್ವು ಶುಕ್ರವಾರ ಬಂದಾಗ ಕೀಲಿಕೈ ಬುಟ್ಟಿಯಲ್ಲಿ ಇಳಿಯಿತು. ಅವರು ಹೋಗುವಾಗ ಬಾಗಿಲು ಹಾಕಿ ಮತ್ತೆ ಬುಟ್ಟಿಯಲ್ಲಿಟ್ಟರು. ಬುಧವಾರ ನಾನು ಸಾರಿನ ಪಾತ್ರೆ ಹಿಡಿದು ಕೆಳಗೆ ನಿಂತೆ.

"ಕೀಲಿಕೈ ಇಳ್ಸೇ, ಮೇಲೆ ಬರ್ತೀನಿ."

"ಬುಟ್ಟೀಲಿಡು ರೊಜೀನಾ. ಚೆಲ್ಲಬೇಡ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ನಾನೂ ಬೈದು, ಇಬ್ಬರೂ ಅತ್ತು, ಸರಿಹೋಗುತ್ತಿತ್ತು.

ಆಗಸ್ಟ್ ಒಂಬತ್ತು, ಸಂತ ಲಾರೆನ್ಸನ ಹಬ್ಬದ ಹಿಂದಿನ ದಿನ. ಓಣಿಯ ಬಾಲ್ಕನಿಗಳಲ್ಲೆಲ್ಲ ಕೆಂಪು ರೇಷ್ಮೆ ತೂಗುತ್ತಿತ್ತು, ಅವಳದರಲ್ಲಿ ಮಾತ್ರ ಇರಲಿಲ್ಲ. ಆ ಕೆಂಪು ರೇಷ್ಮೆಗಳಿಗೆಲ್ಲ ಅಂಚು ಹೊಲಿದವಳು ಅವಳೇ. ನಾರ್ದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಬಾದಾಮಿ ಸಿಹಿಯ ಡಬ್ಬಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಬಂದ. ಕೊನೆಗೂ ದೊಡ್ಡಮ್ಮನಿಗೆಂದು ಒಂದು ಪ್ರತಿ ತಂದಿದ್ದ. ಕೀಲಿಕೈಗೆಂದು ಕೈ ಚಾಚಿದ. ಇರಲಿಲ್ಲ. ಸುತ್ತಮುತ್ತ ನೋಡಿ, ಹುಟ್ಟಿದಂದಿನಿಂದ ಮೊದಲ ಸಲ ಆ ಬಾಗಿಲು ತಟ್ಟಿದ.

ಬಾಲ್ಕನಿಯ ಕಿಟಕಿ ತೆರೆಯಿತು.

"ಯಾರು?"

"ನಾನು, ನಾರ್ದು!"

"ನಾರ್ದು ಈ ಮನೆಯೋನು. ಮನೆಯೋರು ಬಾಗಿಲು ತಟ್ಟಲ್ಲ. ಯಾರಪ್ಪಾ ನೀನು?"

"ತಮಾಷೆ ಸಾಕು ದೊಡ್ಡಮ್ಮ, ಬಿಸಿಲು. ಕೀಲಿಕೈ ಎಲ್ಲಿ?"

"ಪುಸ್ತಕದಲ್ಲಿ ನೋಡು. ಎಲ್ಲಾ ಬರ್ದಿದ್ದೀಯಲ್ಲ, ಅದನ್ನೂ ಬರ್ದಿರ್ತೀಯ."

ಅವನ ಮುಖದ ಬಣ್ಣ ಇಳಿಯಿತು. "ನಿನ್ನ ಹೆಸರು ಎಲ್ಲೂ ಹಾಕಿಲ್ಲ ದೊಡ್ಡಮ್ಮ! ಬೇಕಾದ್ರೆ ಯಾರ ಹತ್ರಾನಾದ್ರೂ ಓದ್ಸು!"

"ಓದ್ಸಿ ಆಯ್ತು. ಹೆಸರು ಹಾಕಿಲ್ಲ, ಬಾಗಿಲು ಹಾಕಿದ್ದೀಯ."

"ಜನಕ್ಕೆ ಎಲ್ಲಕ್ಕಿಂತ ಇಷ್ಟ ಆಗಿರೋದು ಆ ಪುಟಾನೇ. ಓದಿದೋರು ಅತ್ತಿದ್ದಾರೆ. ನಾನು ಪ್ರೀತಿಯಿಂದ್ಲೇ ಬರ್ದೆ, ನಿನ್ನಾಣೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಜುದಿತ್ತಾ ಕಿಟಕಿಯಿಂದ ಮುಂದಕ್ಕೆ ಬಾಗಿದಳು.

"ಹದಿನಾಲ್ಕು ದಿನ ಊಟ ಬಿಟ್ಟು ಮಲಗಿದ್ದೆ ನೀನು. ಸತ್ತೇಹೋಗ್ತೀಯೇನೋ ಅನ್ನಿಸ್ತು. ನಿನ್ನ ಎಬ್ಬಿಸೋಕೆ ಆ ಪೆಟ್ಟಿಗೆ ತೆಗ್ದೆ. ನೋಡು, ನಂಗೂ ಹಿಂಗೇ ಆಗಿತ್ತು, ನಾನು ಬದುಕಿಲ್ವಾ ಅಂದೆ. ಕೊಡೋಕೆ ನನ್ನ ಹತ್ರ ಬೇರೇನೂ ಇರ್ಲಿಲ್ಲ ಕಣೋ. ಅದನ್ನ ತಗೊಂಡು ಹೋಗಿ ಅಂಗಡೀಲಿ ತೂಗಿ ಹಾಕಿದ್ಯಲ್ಲ ಮಗಾ."

ನಾರ್ದು ನನ್ನ ಕಡೆ ತಿರುಗಿದ. ಕಣ್ಣು ತುಂಬಿತ್ತು. "ರೊಜೀನಾ ಅತ್ತೆ, ನೀವಾದ್ರೂ ಹೇಳಿ."

"ನಾನೇನೋ ಹೇಳೋದು, ಮನೆ ಮುರುಕ! ಉಂಡ ಮನೆಯ ಬಾಗಿಲನ್ನ ದಾರಿಹೋಕರಿಗೆ ತೋರಿಸ್ಕೊಟ್ಟೋನು ನೀನು" ಎಂದು ನಾನು ದನಿ ಎತ್ತಿದೆ.

ಮೇಲಿನಿಂದ ಜುದಿತ್ತಾ ಅಡ್ಡ ಬಾಯಿ ಹಾಕಿದಳು. "ಅವಳನ್ನ ಯಾಕೋ ಕೇಳ್ತೀಯ? ನೀನು ಅವರ ಭಾಷೇಲಿ ಬರ್ದೆ. ಅವಳು ನಮ್ಮ ಭಾಷೇಲಿ ಕೂಗಿದ್ಲು."

ಕಿಟಕಿ ಮುಚ್ಚಿತು. ನಾರ್ದು ಸಿಹಿಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋದ. ಅದು ಅಲ್ಲೇ ಇತ್ತು, ಮರುದಿನ ಇರುವೆ ಮುತ್ತಿತು. ನಾನು ಮನೆಯೊಳಗೆ ಬಂದು ಈರುಳ್ಳಿ ಹೆಚ್ಚುತ್ತಾ ಕೂತೆ. ಅಳುವುದಕ್ಕೆ ನೆಪ ಬೇಕಿತ್ತು. ನಾನೇ ಮೋಸಹೋದವಳು ಎಂದು ಒಂದು ತಿಂಗಳಿನಿಂದ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಪರದೇಶದವರಿಗೆ ಅವಳು ಪುಸ್ತಕದೊಳಗಿನ ಒಂದು ಬೊಂಬೆ, ದೋಣಿ ಹತ್ತಿದ ಮೇಲೆ ಮರೆತುಬಿಡುತ್ತಾರೆ. ಅವಳು ಬದುಕಬೇಕಾದದ್ದು ಈ ಓಣಿಯಲ್ಲಿ, ಈ ಕಿಟಕಿಗಳ ನಡುವೆ. ಇಲ್ಲಿ ಅವಳಿಗಿದ್ದ ಮಾನವನ್ನು ಬೀದಿಗೆ ಎಳೆದು ಹಾಕಿದವಳು ನಾನು. ಅದೂ, ನನಗೊಬ್ಬಳಿಗೇ ಹೇಳು ಎಂದು ಅವಳು ಒತ್ತಿ ಹೇಳಿ ಕಳಿಸಿದ ಅರ್ಧ ಗಂಟೆಯಲ್ಲಿ.

ನವೆಂಬರ್ ಬಂತು. ಮೊದಲ ದಿನ ಬುಟ್ಟಿ ಇಳಿದಾಗ ಅದರಲ್ಲಿ ಲಕೋಟೆಯಿತ್ತು, ಪ್ರತಿ ವರ್ಷದಂತೆ ನಾನೇ ಪಾದ್ರಿಗೆ ತಲುಪಿಸಲೆಂದು. ತೆರೆದೇ ಇತ್ತು. ಅಪ್ಪ, ಅಮ್ಮ, ತಂಗಿ. ನಾಲ್ಕನೆಯ ಸಾಲಿನಲ್ಲಿ ಅದೇ ಗುಂಡು ಅಕ್ಷರದಲ್ಲಿ ವಿಸ್ತೀನ್. ಅವಳು ಒಂದಕ್ಷರವನ್ನೂ ಬದಲಿಸಿರಲಿಲ್ಲ.

ಇಗರ್ಜಿಯಲ್ಲಿ ಸಾಲು ಉದ್ದವಿತ್ತು. ನನ್ನ ಹಿಂದೆ ತೆರೆಜಾ, ಅವಳ ಹಿಂದೆ ಓಣಿಯ ಉಳಿದ ಹೆಂಗಸರು. ದುನ್ ಸಲ್ವು ಪಟ್ಟಿ ಬರೆದುಕೊಳ್ಳುತ್ತಾ ನಾಲ್ಕನೆಯ ಹೆಸರಿಗೆ ಬಂದು ಪೆನ್ನು ಎತ್ತಿದರು.

"ಈತ ಬದುಕಿದ್ದಾನೆ ಅಂತ ಊರೆಲ್ಲ ಮಾತಾಡ್ತಿದೆಯಲ್ಲ, ರೊಜೀನಾ?"

ಹಿಂದಿದ್ದ ತೆರೆಜಾ ಒಂದು ಹೆಜ್ಜೆ ಮುಂದೆ ಬಂದಳು.

"ಊರಿಗೆ ಹೇಳಿದ್ದು ನಾನೇ ಅಲ್ವಾ. ನಂಗೆ ತಪ್ಪು ತಿಳ್ದಿತ್ತು. ಅವನು ಸತ್ತು ನಲವತ್ತು ವರ್ಷ ಆಯ್ತು. ಬರ್ಕೊಳ್ಳಿ. ನನ್ನ ಲಕೋಟೇಲೂ ಇದ್ದಾನೆ, ಅಲ್ಲೂ ಬರ್ಕೊಳ್ಳಿ" ಎಂದೆ, ಕೊನೆಯ ಬೆಂಚಿಗೂ ಕೇಳುವಂತೆ.

ದುನ್ ಸಲ್ವು ನನ್ನನ್ನು ಒಂದು ಗಳಿಗೆ ನೋಡಿದರು. ಇಗರ್ಜಿಯೊಳಗೆ ನಿಂತು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ತಲೆ ತಗ್ಗಿಸಿ ಬರೆದುಕೊಂಡರು.

ಆ ಬುಧವಾರ ಸಾರಿಗೆ ಎರಡು ಗಿಣ್ಣು ಹಾಕಿದೆ. ಬುಟ್ಟಿಯಲ್ಲಿಟ್ಟು ಮೇಲೆ ಕೂಗಿದೆ. "ಹೆಸರೆಲ್ಲ ಕೊಟ್ಟು ಬಂದೆ ಕಣೇ. ನಾಲ್ಕೂ."

"ಗೊತ್ತಾಯ್ತು. ತೆರೆಜಾ ಕೆಳಗಿಂದ ಕೂಗಿ ಹೇಳಿದ್ಲು."

ಇನ್ನೇನಾದರೂ ಹೇಳುತ್ತಾಳೆಂದು ಕುತ್ತಿಗೆ ನೋಯುವವರೆಗೆ ಮುಖ ಎತ್ತಿ ನಿಂತಿದ್ದೆ. ಹಗ್ಗ ಮೇಲೆ ಹೋಯಿತು. ಅವಳಪ್ಪ ಹೊಸೆದ ಹಗ್ಗವಂತೆ ಅದು, ಇನ್ನೂ ಗಟ್ಟಿಯಾಗಿದೆ. ಸ್ವಲ್ಪ ಹೊತ್ತಿಗೆ ಬುಟ್ಟಿ ಇಳಿಯಿತು. ಮೇಲೆ ಹೊದಿಸಿದ ಬಟ್ಟೆ ಎತ್ತಿ ನೋಡಿದೆ. ತೊಳೆದ ಪಾತ್ರೆ, ಚಮಚ. ಪಾತ್ರೆಯನ್ನೂ ಎತ್ತಿ ಅಡಿಯಲ್ಲಿ ನೋಡಿದೆ. ಈಗಲೂ ಬುಧವಾರ ಬುಧವಾರ ಹಾಗೇ ಎತ್ತಿ ನೋಡುತ್ತೇನೆ, ಕೀಲಿಕೈ ಇರುವುದಿಲ್ಲ.